ಧ್ವನಿಸುರುಳಿಯಲ್ಲಿ ಉಳಿದ ವಿಡಂಬನೆ

ಮೇ ತಿಂಗಳು ಮುಗಿಯುತ್ತಲೇ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಬಯಲಾಟಕ್ಕಾಗಲಿ, ಕಂಪೆನಿ ನಾಟಕದ ಡೇರೆಗಾಗಲಿ ಮಲೆನಾಡಿನ ಮಳೆ ಆಸ್ಪದ ಕೊಡುವುದಿಲ್ಲ. ಶೃಂಗೇರಿ ಸೀಮೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಆ ನಾಲ್ಕು ತಿಂಗಳು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಮನೆಗಳಿಗೆ ನಾಟಕ ಬರುತ್ತಿದ್ದುದು ಕಿವಿಯ ದಾರಿಯಿಂದ. ಮೊದಲು ತಾಳಮದ್ದಳೆ, ಆಮೇಲೆ ರೇಡಿಯೊ, ಅದರ ಹಿಂದೆಯೇ ಧ್ವನಿಸುರುಳಿ.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ, ಚೆಂಡೆಮದ್ದಳೆ, ಎದುರುಬದುರು ಕುಳಿತ ಅರ್ಥಧಾರಿಗಳ ಮಾತು, ಇಷ್ಟೇ. ಪದ್ಯ ಪುಸ್ತಕದಲ್ಲಿರುತ್ತದೆ, ಅರ್ಥ ಮಾತ್ರ ಆ ರಾತ್ರಿ ಆ ಜಾಗದಲ್ಲೇ ಹುಟ್ಟಬೇಕು. ‘ಅಂಗದ ಸಂಧಾನ’ದಲ್ಲಿ ರಾವಣನ ಆಸ್ಥಾನವನ್ನು ಅಂಗದ ಮೂದಲಿಸುವಾಗ, ಒಳ್ಳೆಯ ಅರ್ಥಧಾರಿ ಹೆಸರು ಹೇಳದೆಯೇ ಇಂದಿನ ಅಧಿಕಾರಸ್ಥರನ್ನೂ ಚುಚ್ಚಿ ಮುಂದೆ ಹೋಗಬಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ಈ ಮಾತುಗಾರಿಕೆಯನ್ನು ಒಂದು ಶಾಸ್ತ್ರದ ಮಟ್ಟಕ್ಕೆ ಏರಿಸಿದರು. ಹೀಗೆ ನೋಡದೆಯೇ ನಾಟಕ ಕೇಳುವ ಅಭ್ಯಾಸ ಮಲೆನಾಡಿಗರಿಗೆ ರೇಡಿಯೊ ಬರುವ ಮೊದಲೇ ಇತ್ತು.

ಆಧುನಿಕ ಕನ್ನಡದ ವಿಡಂಬನ ನಾಟಕವೂ ಹುಟ್ಟಿದ್ದು ಬಾಯಲ್ಲೇ. ಟಿ. ಪಿ. ಕೈಲಾಸಂ ತಮ್ಮ ನಾಟಕಗಳನ್ನು ಕುಳಿತು ಬರೆದವರಲ್ಲ. ಎಲ್ಲ ಪಾತ್ರಗಳನ್ನೂ ತಾವೇ ಆಡುತ್ತ ಗೆಳೆಯರಿಗೆ ಹೇಳುತ್ತಿದ್ದರು, ಗೆಳೆಯರು ಬರೆದುಕೊಳ್ಳುತ್ತಿದ್ದರು. 1918ರಲ್ಲಿ ಬಂದ ‘ಟೊಳ್ಳುಗಟ್ಟಿ’ಯಿಂದ ಮೊದಲುಗೊಂಡು ‘ಹೋಂರೂಲು’, ‘ಬಹಿಷ್ಕಾರ’, ‘ತಾಳಿ ಕಟ್ಟೋಕ್ಕೂಲೀನೇ’ ಮುಂತಾದವು ಪೇಟೆಯ ಇಂಗ್ಲಿಷ್ ಮೋಹವನ್ನೂ, ಜಾತಿಕಟ್ಟನ್ನೂ, ವರದಕ್ಷಿಣೆಯನ್ನೂ ಗೇಲಿ ಮಾಡಿದವು. ಇವನ್ನು ಓದಲು ಹೊರಟವರು ಮೊದಲ ಪುಟದಲ್ಲೇ ತಡವರಿಸುತ್ತಾರೆ. ಅರ್ಧ ಇಂಗ್ಲಿಷು, ಅರ್ಧ ಕನ್ನಡ, ಒಂದರೊಳಗೊಂದು ಹೆಣೆದ ಅಕ್ಷರಗಳು. ‘ಕಟ್ಟೋಕ್ಕೂಲೀನೇ’ ಎಂಬ ಮಾತನ್ನು ಕಣ್ಣು ಬಿಡಿಸಿಕೊಳ್ಳಬೇಕು. ಕಿವಿಗಾದರೋ ಅದು ಕೂಡಲೇ ತಿಳಿಯುತ್ತದೆ: ತಾಳಿ ಕಟ್ಟುವುದಕ್ಕೂ ಕೂಲಿ ಬೇಕೆ ಎಂದು ಮದುವಣಿಗನನ್ನು ಕೇಳುವ ಪ್ರಶ್ನೆ.

ಇಂಥ ನಾಟಕವನ್ನು ಮುದ್ರಿಸಿಡಲು ಗ್ರಾಮಫೋನಿಗೆ ಶಕ್ತಿ ಸಾಲದಾಗಿತ್ತು. 78 ವೇಗದ ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ ಮಾತ್ರ. ಅಷ್ಟರಲ್ಲಿ ಒಂದು ರಂಗಗೀತೆ ಮುಗಿಯುತ್ತದೆ, ಸಂಭಾಷಣೆ ಮುಗಿಯದು. ಪೂರ್ಣ ನಾಟಕಕ್ಕೆ ಜಾಗ ಸಿಕ್ಕಿದ್ದು ಬಾನುಲಿಯಲ್ಲಿ. ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಕೇಂದ್ರವನ್ನು ಆರಂಭಿಸಿದರು. 1955ರಲ್ಲಿ ಬೆಂಗಳೂರು ಕೇಂದ್ರ ಬಂತು. ‘ಅನರ್ಥಕೋಶ’ದ ನಾ. ಕಸ್ತೂರಿ ಬೆಂಗಳೂರು ಆಕಾಶವಾಣಿಯಲ್ಲಿ ದುಡಿದವರು. ರಾಶಿಯವರು 1942ರಲ್ಲಿ ಹೊರಡಿಸಿದ ‘ಕೊರವಂಜಿ’ಯ ಬಳಗದ ನಗೆಗೂ ಬಾನುಲಿಗೂ ಹೀಗೆ ನಂಟು ಬೆಳೆಯಿತು.

ನಮ್ಮ ಮೂರು ತಾಲೂಕುಗಳ ಮಟ್ಟಿಗೆ ಮುಖ್ಯವಾದ ವರ್ಷ 1965. ಆ ವರ್ಷ ಭದ್ರಾವತಿ ಕೇಂದ್ರ ಆರಂಭವಾಯಿತು. ಭದ್ರಾ ಹಿನ್ನೀರಿನ ದಡದ ನರಸಿಂಹರಾಜಪುರಕ್ಕೆ ಅದು ನೆರೆಯೂರಿನ ದನಿ. ಮಧ್ಯಮ ತರಂಗಾಂತರದ ಅಲೆ ನೆಲವನ್ನು ಅನುಸರಿಸಿ ಗುಡ್ಡಗಳಾಚೆಗೂ ಸಾಗುತ್ತದೆ. ಎಫ್‌ಎಂ ಅಲೆಗೆ ಗುಡ್ಡವೇ ಗೋಡೆ. ಹೀಗಾಗಿ ಕಣಿವೆಯ ಒಂಟಿ ಮನೆಗೂ ನಾಟಕ ತಲುಪಿತು. 1976ರಲ್ಲಿ ಬಂದ ಮಂಗಳೂರು ಕೇಂದ್ರ ತಾಳಮದ್ದಳೆಯನ್ನೂ ಬಾನುಲಿಗೆ ತಂದಿತು.

ರೇಡಿಯೊ ಒಮ್ಮೆ ನುಡಿದದ್ದನ್ನು ಮತ್ತೆ ಕೇಳಬೇಕೆಂದರೆ ಕಾಯಬೇಕು. ಆ ಕೊರತೆಯನ್ನು ತುಂಬಿದ್ದು ಫಿಲಿಪ್ಸ್ ಕಂಪೆನಿ 1963ರಲ್ಲಿ ತಂದ ಕ್ಯಾಸೆಟ್. ಎಂಬತ್ತರ ದಶಕದ ಹೊತ್ತಿಗೆ ಟೇಪ್ ರೆಕಾರ್ಡರ್ ಅಡಕೆ ಬೆಳೆಗಾರರ ಜಗಲಿಗೂ ಬಂತು. ಆಗ ಮನೆಮನೆಯಲ್ಲಿ ಕೇಳಿಬಂದ ಕಂಠ ಮಾಸ್ಟರ್ ಹಿರಣ್ಣಯ್ಯನವರದು (1934–2019). ‘ಲಂಚಾವತಾರ’ದ ಕಥೆ ಸರಳ, ಅದರ ಜೀವ ಇರುವುದು ಕಥೆಯಿಂದ ಆಚೆ ಬಂದು ಅವರು ಆಡುತ್ತಿದ್ದ ಮಾತಿನಲ್ಲಿ. ಬೆಳಗಿನ ಪತ್ರಿಕೆಯ ಸುದ್ದಿ ರಾತ್ರಿಯ ರಂಗದ ಮೇಲೆ ಟೀಕೆಯಾಗುತ್ತಿತ್ತು. ಮಂತ್ರಿ ಬದಲಾದರೆ ಮಾತೂ ಬದಲಾಗುತ್ತಿತ್ತು. ಧ್ವನಿಸುರುಳಿ ಹಿಡಿದಿಟ್ಟದ್ದು ಅಂಥ ಸಾವಿರಾರು ರಾತ್ರಿಗಳ ಪೈಕಿ ಒಂದನ್ನು.

ಇಲ್ಲಿಯೇ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕೈಲಾಸಂ ಅವರ ನಾಟಕಕ್ಕೆ ಪುಸ್ತಕದ ಆಧಾರವಿದೆ. ಇಂದಿನ ನಟರೂ ಅದನ್ನು ಓದಿ ದನಿ ಕೊಡಬಹುದು. ಕೃತಿಸ್ವಾಮ್ಯದ ತೊಡಕೂ ಇಲ್ಲ. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಎಂಬುದು ನಮ್ಮ ಕಾನೂನು. ಕೈಲಾಸಂ ತೀರಿಕೊಂಡದ್ದು 1946ರಲ್ಲಿ. ಅವರ ಜೀವಿತಕಾಲದಲ್ಲಿ ಅಚ್ಚಾದ ನಾಟಕಗಳು 2007ರಿಂದ ಎಲ್ಲರ ಸೊತ್ತು. (ಅವನ್ನು ಆಡಿ ಮುದ್ರಿಸಿದವರ ಧ್ವನಿಮುದ್ರಿಕೆಗೆ ಬೇರೆಯೇ ಹಕ್ಕು ಉಂಟು.) ಆದರೆ ಹಿರಣ್ಣಯ್ಯನವರ ಆ ರಾತ್ರಿಯ ಮಾತಿಗಾಗಲಿ, ತಾಳಮದ್ದಳೆಯ ಅರ್ಥಕ್ಕಾಗಲಿ ಪುಸ್ತಕವಿಲ್ಲ. ಅಲ್ಲಿ ಧ್ವನಿಸುರುಳಿಯೇ ಮೂಲಪ್ರತಿ. ಅದು ಹೋದರೆ ಕೃತಿಯೇ ಹೋದಂತೆ.

ಹೋಗುವುದು ಕಷ್ಟವೇನೂ ಅಲ್ಲ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಿಂದ ಹಿಡಿದಿಟ್ಟ ಕಬ್ಬಿಣದ ಆಕ್ಸೈಡಿನ ಪುಡಿ, ಇದೇ ಟೇಪು. ತೇವ ತಗುಲಿದರೆ ಅಂಟು ಸಡಿಲುತ್ತದೆ, ಬೂಷ್ಟು ಹಿಡಿಯುತ್ತದೆ. ಕಂಬಳಿಗೂ ಗೋಡೆಗೂ ಬೂಷ್ಟು ಬರುವ ಊರಿನಲ್ಲಿ ಟೇಪು ಉಳಿಯುವುದು ಹೇಗೆ? ಅಂಗಡಿಯಲ್ಲಿ ಮಾರಾಟವಾದ ಕ್ಯಾಸೆಟ್ಟಿಗೆ ಬೇರೆಡೆ ಇನ್ನೊಂದು ಪ್ರತಿ ಸಿಕ್ಕೀತು. ಅವುಗಳಲ್ಲಿ ಹಲವು ಅಂತರ್ಜಾಲಕ್ಕೂ ಬಂದಿವೆ. ದೇವಸ್ಥಾನದ ಚಂದ್ರಶಾಲೆಯಲ್ಲೋ ಮನೆಯ ಜಗಲಿಯಲ್ಲೋ ನಡೆದ ತಾಳಮದ್ದಳೆಯನ್ನು ಯಾರೋ ಆಸಕ್ತರು ತುಂಬಿಕೊಂಡ ಕ್ಯಾಸೆಟ್ಟಿಗೆ ಎರಡನೆಯ ಪ್ರತಿ ಇರುವುದು ಅಪರೂಪ. ಮೊದಲು ಉಳಿಸಬೇಕಾದದ್ದು ಅದನ್ನು.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಬೂಷ್ಟು ಕಂಡ ಕ್ಯಾಸೆಟ್ಟನ್ನು ಹಾಗೆಯೇ ಯಂತ್ರಕ್ಕೆ ಹಾಕಬಾರದು. ಪಟ್ಟಿಯೂ ಯಂತ್ರದ ಹೆಡ್ಡೂ ಎರಡೂ ಕೆಡುತ್ತವೆ. ಬೇಸಗೆಯಲ್ಲಿ, ಬಿಸಿಲು ತಾಗದ ಒಣ ಜಾಗದಲ್ಲಿ ಆರಿಸಿ, ಬಲ್ಲವರಿಂದ ಶುಚಿ ಮಾಡಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಅಷ್ಟೇ ಮುಖ್ಯವಾದದ್ದು ಬರವಣಿಗೆ: ಯಾವ ಊರು, ಯಾವ ವರ್ಷ, ಯಾವ ಪ್ರಸಂಗ, ಯಾರ ಅರ್ಥ. ಈ ವಿವರವಿಲ್ಲದ ವಿಡಂಬನೆ ಮುಂದಿನವರಿಗೆ ಬರಿಯ ಗದ್ದಲ. ಸಭೆ ಏಕೆ ನಕ್ಕಿತು ಎಂದು ಹೇಳಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ ಬರೆದುಕೊಳ್ಳುವ ಕೆಲಸ ಈಗಲೇ ಆಗಬೇಕು.