ತಡವಿಲ್ಲದ ಧ್ವನಿಗಾಗಿ: ಲಿನಕ್ಸ್ ಧ್ವನಿಮುದ್ರಣದ ಮೂರು ದಶಕ

ಮೊದಲೇ ಮುದ್ರಿಸಿದ ಗಾಯನವನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಮೃದಂಗ ನುಡಿಸುವವರಿಗೆ ತಮ್ಮ ಪೆಟ್ಟು ತುಸು ತಡವಾಗಿ ಕೇಳಿಸಿದರೂ ಲಯ ಜಾರುತ್ತದೆ. ಹಾಗಾಗಿ ಧ್ವನಿಮುದ್ರಣದ ಕಂಪ್ಯೂಟರು ಎಷ್ಟೇ ಶಕ್ತಿಶಾಲಿಯಾಗಿರಲಿ, ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸಲೇಬೇಕು. ಒಂದು ಗಳಿಗೆ ತಪ್ಪಿದರೆ ‘ಟಕ್’ ಎಂಬ ಸದ್ದು ಮುದ್ರಣದಲ್ಲಿ ಉಳಿದುಬಿಡುತ್ತದೆ. ಲಿನಕ್ಸ್ ಬಳಗದಲ್ಲಿ ಇದರ ಹೆಸರು ಎಕ್ಸ್‌ರನ್. ಅಲ್ಲಿನ ಧ್ವನಿಮುದ್ರಣದ ಚರಿತ್ರೆಯೆಲ್ಲ ಬಹುಪಾಲು ಇದರ ವಿರುದ್ಧದ ಹೋರಾಟವೇ.

1990ರ ದಶಕದ ಆರಂಭದಲ್ಲಿ ಹನ್ನು ಸವೊಲಾಯ್ನೆನ್ ಸೌಂಡ್ ಬ್ಲಾಸ್ಟರ್ ಕಾರ್ಡಿಗೆ ಬರೆದ ಡ್ರೈವರ್ ಮುಂದೆ ಓಎಸ್‌ಎಸ್ ಆಗಿ ಬೆಳೆಯಿತು. ಸಾಮಾನ್ಯ ಕಾರ್ಡುಗಳಲ್ಲಿ ಒಂದು ಪ್ರೋಗ್ರಾಮು ಧ್ವನಿ ಹಿಡಿದುಕೊಂಡರೆ ಉಳಿದವು ಕಾಯಬೇಕಿತ್ತು. ಗ್ರಾವಿಸ್ ಅಲ್ಟ್ರಾಸೌಂಡ್ ಕಾರ್ಡಿನ ಡ್ರೈವರಿನಿಂದ ಹೊರಟ ಯಾರೊಸ್ಲಾವ್ ಕಿಸೆಲಾ 1998ರಲ್ಲಿ ಆಲ್ಸಾ ಎಂಬ ಹೊಸ ಧ್ವನಿವ್ಯವಸ್ಥೆಯ ಯೋಜನೆ ಶುರುಮಾಡಿದರು. 2003ರ ಡಿಸೆಂಬರಿನಲ್ಲಿ ಬಂದ, ಲಿನಕ್ಸ್‌ನ ತಿರುಳಾದ ಕರ್ನಲ್‌ನ 2.6 ಆವೃತ್ತಿ ಅದನ್ನು ಒಳಗೊಂಡಿತ್ತು. ಇಂದಿಗೂ ತಳಪಾಯ ಅದೇ.

ಆದರೆ ಸ್ಟುಡಿಯೊದ ಶಿಸ್ತನ್ನು ತಂದದ್ದು ಜ್ಯಾಕ್ ಎಂಬ ಧ್ವನಿ ಸರ್ವರ್. ಆರ್ಡರ್ ಎಂಬ ಬಹುಟ್ರ್ಯಾಕ್ ತಂತ್ರಾಂಶ ಬರೆಯುತ್ತಿದ್ದ ಪಾಲ್ ಡೇವಿಸ್ ಮತ್ತು ಸಂಗಡಿಗರು 2002ರ ಸುಮಾರಿಗೆ ಇದನ್ನು ರೂಪಿಸಿದರು. ಇಲ್ಲಿ ಪ್ರೋಗ್ರಾಮುಗಳು ತಮಗೆ ತೋಚಿದಾಗ ಧ್ವನಿ ಬರೆಯುವುದಿಲ್ಲ. ಜ್ಯಾಕ್ ಪ್ರತಿ ಸುತ್ತಿನಲ್ಲಿ ಎಲ್ಲವನ್ನೂ ಕರೆಯುತ್ತದೆ, ಕರೆದಾಗ ಎಲ್ಲವೂ ಪಾಲು ಒಪ್ಪಿಸಬೇಕು. ಒಂದರ ಹೊರದಾರಿಯನ್ನು ಇನ್ನೊಂದರ ಒಳದಾರಿಗೆ ಬೇಕಾದಂತೆ ಜೋಡಿಸಬಹುದು. ಸೆಕೆಂಡಿಗೆ 48,000 ಮಾದರಿಗಳ ದರದಲ್ಲಿ 128 ಮಾದರಿಗಳ ಎರಡು ಬಫರ್ (ಧ್ವನಿಯನ್ನು ತುಸು ಹೊತ್ತು ಕೂಡಿಡುವ ಜಾಗ) ಇಟ್ಟರೆ ಅವುಗಳಿಂದಾಗುವ ತಡ ಸುಮಾರು 5.3 ಮಿಲಿಸೆಕೆಂಡು. ಅಷ್ಟರಲ್ಲಿ ಗಾಳಿಯಲ್ಲಿ ಧ್ವನಿ ಎರಡು ಮೀಟರಿನಷ್ಟೂ ಸಾಗದು. ಕಛೇರಿಯಲ್ಲಿ ಗಾಯಕರಿಗೂ ಮೃದಂಗದವರಿಗೂ ಇರುವ ಅಂತರ ಹೆಚ್ಚುಕಡಿಮೆ ಇಷ್ಟೇ. ಈ ಮೂರು ದಶಕಗಳ ಅತ್ಯಂತ ದೊಡ್ಡ ಸಾಧನೆ ಜ್ಯಾಕ್ ಎಂದೇ ನನ್ನ ನಂಬಿಕೆ.

ಅದರ ಬೆಲೆಯನ್ನು ಮಾತ್ರ ಬಳಕೆದಾರ ತೆತ್ತ. ಧ್ವನಿಯ ಕೆಲಸಕ್ಕೆ ಕರ್ನಲ್ ಕೂಡಲೇ ದಾರಿ ಬಿಡಲೆಂದು ಇಂಗೊ ಮೊಲ್ನಾರ್ ಮುಂತಾದವರ ತೇಪೆಗಳನ್ನು ಹಾಕಿ ಕರ್ನಲನ್ನು ತಾನೇ ಕಂಪೈಲ್ ಮಾಡಿಕೊಳ್ಳಬೇಕಿತ್ತು. ಆದ್ಯತೆಯ ಅನುಮತಿಗಳನ್ನು ಕೈಯಾರೆ ಬರೆಯಬೇಕಿತ್ತು. ಹಾಡಲು ಕೂತವರ ಸಂಜೆಯೆಲ್ಲ ಇದರಲ್ಲೇ ಕಳೆದುಹೋಗುತ್ತಿತ್ತು. 2007ರಲ್ಲಿ ಬಂದ ಉಬುಂಟು ಸ್ಟುಡಿಯೊ ಎಂಬ ಲಿನಕ್ಸ್ ವಿತರಣೆ ಈ ಸಿದ್ಧತೆಯನ್ನು ಬಹುಮಟ್ಟಿಗೆ ತಾನೇ ವಹಿಸಿಕೊಂಡಿತು. ಈ ಬಗೆಯ ರಿಯಲ್‌ಟೈಮ್ ತೇಪೆಗಳ ಕೊನೆಯ ಭಾಗ ಮುಖ್ಯ ಕರ್ನಲ್ ಸೇರಲು 2024ರ 6.12 ಆವೃತ್ತಿಯವರೆಗೆ ಕಾಯಬೇಕಾಯಿತು.

ಇನ್ನೊಂದು ಕಡೆ, ದಿನಬಳಕೆಯ ಕೇಳುವಿಕೆಗೆಂದು ಹುಟ್ಟಿದ ಪಲ್ಸ್‌ಆಡಿಯೊ 2007–08ರಲ್ಲಿ ಫೆಡೋರಾ, ಉಬುಂಟು ವಿತರಣೆಗಳಲ್ಲಿ ನೆಲೆಯೂರಿತು. ಒಂದೇ ಕಾರ್ಡಿಗಾಗಿ ಅದಕ್ಕೂ ಜ್ಯಾಕ್‌ಗೂ ಜಗಳ. ವಿಮ್ ಟೇಮನ್ಸ್ ರೂಪಿಸಿದ ಪೈಪ್‌ವೈರ್ ಎರಡರ ಜಾಗದಲ್ಲೂ ನಿಂತಿತು. 2021ರ ಫೆಡೋರಾ 34 ಅದನ್ನು ಮೊದಮೊದಲು ಅಳವಡಿಸಿಕೊಂಡ ಪ್ರಮುಖ ವಿತರಣೆಗಳಲ್ಲೊಂದು. ಜ್ಯಾಕ್‌ಗೆಂದು ಬರೆದ ತಂತ್ರಾಂಶಗಳನ್ನು ಬದಲಿಸದೆಯೇ ನಡೆಸುವುದು ಅದರ ಜಾಣತನ. ಹಳೆಯವರ ದುಡಿಮೆ ಹಾಳಾಗಲಿಲ್ಲ.

ಈಗ ಹೊಸದಾಗಿ ಶುರುಮಾಡುವವರ ಕೆಲಸ ಚಿಕ್ಕದು. ಮೈಕನ್ನು ಕಂಪ್ಯೂಟರಿಗೆ ಜೋಡಿಸಲು ಯುಎಸ್‌ಬಿ ಆಡಿಯೊ ಮಾನದಂಡ ಪಾಲಿಸುವ ಇಂಟರ್‌ಫೇಸ್ ಕೊಂಡರೆ ಪ್ರತ್ಯೇಕ ಡ್ರೈವರ್ ಬೇಡ. ಪ್ರೊಸೆಸರ್ ವಿದ್ಯುತ್ ಉಳಿಸಲು ನಿಧಾನವಾಗದಂತೆ ‘ಪರ್ಫಾರ್ಮೆನ್ಸ್’ ಸ್ಥಿತಿಯಲ್ಲಿಡಿ. ಹಾಡುವಾಗ ಬಫರ್ 128 ಇರಲಿ. ಎಕ್ಸ್‌ರನ್ ಕಂಡರೆ 256ಕ್ಕೆ ಏರಿಸಿ. ತಡದ ಚಿಂತೆ ಇಲ್ಲದ ಮಿಕ್ಸಿಂಗ್ ಹೊತ್ತಿಗೆ 1024 ಇಟ್ಟರೂ ನಷ್ಟವಿಲ್ಲ. ಇಂಟರ್‌ಫೇಸಿನಲ್ಲೇ ನೇರವಾಗಿ ಕೇಳಿಸಿಕೊಳ್ಳುವ ಗುಂಡಿಯಿದ್ದರೆ ಅದನ್ನು ಬಳಸಿ.

ಉಳಿದಿರುವ ತೊಡಕು ತಯಾರಕರದ್ದು. ಹಲವು ಇಂಟರ್‌ಫೇಸುಗಳ ಒಳಮಿಕ್ಸರನ್ನು ತಿದ್ದುವ ತಂತ್ರಾಂಶ ವಿಂಡೋಸ್, ಮ್ಯಾಕ್‌ಗಳಿಗಷ್ಟೇ ಬರುತ್ತದೆ. ಫೋಕಸ್‌ರೈಟ್ ಸ್ಕಾರ್ಲೆಟ್ ಸಾಧನಗಳ ವಿಷಯದಲ್ಲಿ ಜೆಫ್ರಿ ಬೆನೆಟ್ ಯುಎಸ್‌ಬಿ ಸಂವಹನವನ್ನು ಬಿಡಿಸಿ ಓದಿ ಮಿಕ್ಸರ್ ಡ್ರೈವರ್ ಬರೆದರು; ಈಗ ಅದು ಕರ್ನಲ್‌ನಲ್ಲೇ ಇದೆ. ಉಳಿದ ಅನೇಕ ಸಾಧನಗಳು ಇಂಥ ಒಬ್ಬರಿಗಾಗಿ ಇನ್ನೂ ಕಾಯುತ್ತಿವೆ.