ಮನೆಗೆ ಮರಳಿದ ಚಿಕಿತ್ಸೆ

ನನ್ನ ಹಳೆಯ ವಿದ್ಯಾರ್ಥಿಗಳಿಗೆ 'ಕ್ವಾಷಿಯೋರ್ಕರ್' ಎಂಬ ಪದ ನೆನಪಿರಬಹುದು. ಊದಿದ ಕಾಲು, ಬಣ್ಣಗೆಟ್ಟ ಕೂದಲು ಎಂದು ಅದರ ಲಕ್ಷಣಗಳನ್ನು ನಿಮ್ಮಿಂದ ಬಾಯಿಪಾಠ ಮಾಡಿಸಿದ್ದೇನೆ. ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು. ಆದರೆ ಆ ಪದದ ಅರ್ಥವೇನೆಂದು ನಾನೂ ಹೇಳಲಿಲ್ಲ, ನೀವೂ ಕೇಳಲಿಲ್ಲ. ನಿವೃತ್ತಿಯ ಬಳಿಕ ಓದಿ ತಿಳಿದುದನ್ನು ಈಗ ಬರೆಯುತ್ತಿದ್ದೇನೆ.

ಅದು ಪಶ್ಚಿಮ ಆಫ್ರಿಕದ 'ಗಾ' ಭಾಷೆಯ ಪದ. ಇಂದಿನ ಘಾನಾ ದೇಶವು ಗೋಲ್ಡ್ ಕೋಸ್ಟ್ ಎಂಬ ಬ್ರಿಟಿಷ್ ವಸಾಹತಾಗಿದ್ದಾಗ ಅಲ್ಲಿ ಸೇವೆಯಲ್ಲಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್ ಈ ಕಾಯಿಲೆಯನ್ನು 1933ರಲ್ಲಿ ವಿವರಿಸಿದರು. 1935ರಲ್ಲಿ ಸ್ಥಳೀಯರ ಹೆಸರನ್ನೇ ವೈದ್ಯಲೋಕಕ್ಕೆ ಪರಿಚಯಿಸಿದರು. ತಮ್ಮನೋ ತಂಗಿಯೋ ಹುಟ್ಟಿದಾಗ ತಾಯಿಯ ಮಡಿಲಿನಿಂದ ಕೆಳಗಿಳಿದ ಮಗುವಿನ ರೋಗ ಎಂಬುದು ಅದರ ಭಾವ. ಎದೆಹಾಲು ತಪ್ಪಿದ ಆ ಮಗುವಿಗೆ ಉಳಿಯುತ್ತಿದ್ದುದು ಮೆಕ್ಕೆಜೋಳದ ಗಂಜಿಯೊಂದೇ.

ಮುಂದೆ ಔಷಧೀಯ ಹಾಲಿನ ಪುಡಿಗಳು ಬಂದವು. ಆದರೆ ಅವನ್ನು ಶುದ್ಧ ನೀರಿನಲ್ಲಿ ಕಲಸಬೇಕು. ಕಲಸಿದ್ದು ಬೇಗನೆ ಕೆಡುತ್ತದೆ. ಆದ್ದರಿಂದ ತಾಯಿ ಮಗುವಿನೊಡನೆ ವಾರಗಟ್ಟಲೆ ಕೇಂದ್ರದಲ್ಲೇ ಇರಬೇಕಾಗಿತ್ತು. ಮನೆಯಲ್ಲಿ ಉಳಿದ ಮಕ್ಕಳ ಗತಿಯೇನು? ಹೊಲದ ಕೆಲಸವೇನು? ಎಷ್ಟೋ ತಾಯಂದಿರು ಬರಲೇ ಇಲ್ಲ. ಬಂದವರ ಮಕ್ಕಳಿಗೆ ಕಿಕ್ಕಿರಿದ ಕೇಂದ್ರಗಳಲ್ಲಿ ಸೋಂಕಿನ ಭಯ.

1996ರಲ್ಲಿ ಫ್ರಾನ್ಸಿನ ಆಂದ್ರೆ ಬ್ರಿಯಾಂ ಮತ್ತು ಮಿಶೆಲ್ ಲೆಸ್ಕಾನ್ ಇದಕ್ಕೊಂದು ದಾರಿ ಕಂಡರು: ನಮ್ಮಲ್ಲಿ ಬಡವರ ಬಾದಾಮಿ ಎನಿಸಿದ ಕಡಲೆಕಾಯಿ! ಅರೆದ ಕಡಲೆಬೀಜಕ್ಕೆ ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವ, ಖನಿಜಗಳನ್ನು ಸೇರಿಸಿದ ಮುದ್ದೆ. 92 ಗ್ರಾಂ ಪೊಟ್ಟಣದಲ್ಲಿ 500 ಕಿಲೋಕ್ಯಾಲರಿ. ನೀರು ಬೇಡ, ಒಲೆ ಬೇಡ. ನೀರಿನಂಶವಿಲ್ಲದುದರಿಂದ ರೋಗಾಣುಗಳು ಬೆಳೆಯುವುದಿಲ್ಲ.

2000ದಲ್ಲಿ ಇಥಿಯೋಪಿಯದ ಬರಗಾಲದ ಸಮಯದಲ್ಲಿ ಮಕ್ಕಳನ್ನು ಮನೆಯಲ್ಲೇ ಇರಿಸಿ ಚಿಕಿತ್ಸೆ ನೀಡಲಾಯಿತು. ವೈದ್ಯ ಸ್ಟೀವ್ ಕಾಲಿನ್ಸ್ ಮತ್ತು ಕೇಟ್ ಸ್ಯಾಡ್ಲರ್ 170 ಮಕ್ಕಳ ದಾಖಲೆ ಪರಿಶೀಲಿಸಿದಾಗ 144 ಮಕ್ಕಳು ಗುಣಮುಖರಾಗಿದ್ದರು. ಏಳು ಮಕ್ಕಳು ತೀರಿಕೊಂಡಿದ್ದರು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯೂನಿಸೆಫ್ ಮೊದಲಾದವು ಜಂಟಿ ಹೇಳಿಕೆಯಲ್ಲಿ ಈ ಕ್ರಮವನ್ನು ಅನುಮೋದಿಸಿದವು. ಹಸಿವು ಚೆನ್ನಾಗಿದ್ದು ಬೇರೆ ತೊಡಕಿಲ್ಲದ ಮಗುವಿಗೆ ಮನೆಯಲ್ಲಿ ಆರೈಕೆ. ತೊಡಕಿದ್ದರೆ ಆಸ್ಪತ್ರೆಯೇ ಗತಿ.

ಮುದ್ದೆಯ ಮಹಿಮೆ ದೊಡ್ಡದೇ. ಆದರೆ ಅದಕ್ಕಿಂತ ದೊಡ್ಡದು, ಮಗುವನ್ನು ಗುಣಪಡಿಸುವ ಕೆಲಸವನ್ನು ತಾಯಿಗೇ ಒಪ್ಪಿಸಬಹುದೆಂಬ ನಂಬಿಕೆ. ಹೆಸರಿನಲ್ಲೇ ತಾಯಿಯ ಕಷ್ಟವನ್ನು ಹೊತ್ತಿದ್ದ ರೋಗಕ್ಕೆ ಮದ್ದು ತಾಯಿಯ ಕೈಗೆ ಬರಲು ಆರು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ಅಂದು ಬೆಂಚಿನ ಮೇಲೆ ನಿಂತವರೇ, ನಿಮಗಿಂತ ಮೊದಲು ನಿಲ್ಲಬೇಕಾದವನು ನಾನಾಗಿದ್ದೆ.