ಬಣ್ಣಕ್ಕಿಂತ ಮೊದಲಿನ ಕೆಲಸ

ಕಲಾಯಿ ಹಾಕಾಂವ ಓಣ್ಯಾಗ ಬರತಿದ್ದ ಕಾಲ ನಿಮಗೆಲ್ಲಾ ನೆನಪದ ಏನ್ರವಾ? ತವರ ಹಚ್ಚೂದು ಚಣದ ಕೆಲಸ. ಅದಕ್ಕಿಂತ ಮೊದಲು ಭಾಂಡೆ ತಿಕ್ಕಿ, ಕಾಸಿ, ನವಸಾಗರ ಹಾಕಿ ಉಜ್ಜೂದೇ ದೊಡ್ಡ ಕೆಲಸ. ಜಿಡ್ಡು ಉಳಿದಲ್ಲೆ ತವರ ಹಿಡೀತಿದ್ದಿಲ್ಲ.

ಅಮೆರಿಕಾದಾಗ ಮಗನ ಮನಿಗೆ ಹೋದಾಗ ನನಗ ಇದ ನೆನಪಾತು. ಅಂವ ಒಂದು ಹಳೇ ಎಟಿವಿ ತಂದಿದ್ದ. ಅಂದ್ರ ಹೊಲ, ಗುಡ್ಡ, ಕೆಸರಿನ್ಯಾಗ ಓಡಸೂ ದಪ್ಪ ಗಾಲಿ ಗಾಡಿ. 1970ರಾಗ ಹೋಂಡಾದವರು ಮೂರು ಗಾಲಿದು ಮಾರಾಕ ಹತ್ತಿದ್ರು. 1980ರ ದಶಕದ ಸುರುವಿಗೆ ಸುಝುಕಿಯವರ ನಾಕು ಗಾಲಿದು ಬಂತು. ಮಗ ಅದನ್ನ ಪೂರಾ ಬಿಚ್ಚಿ, ಬರೇ ಕಬ್ಬಿಣದ ಚೌಕಟ್ಟು ಉಳಿಸಿಕೊಂಡು, ಪೌಡರ್ ಕೋಟಿಂಗ್ ಮಾಡಸೂ ತಯಾರಿ ನಡಿಸಿದ್ದ.

ಪೌಡರ್ ಕೋಟಿಂಗ್ ಅಂದ್ರ ಒಣ ಪುಡಿಯ ಬಣ್ಣ. 1950ರ ದಶಕದಾಗ ಜರ್ಮನಿಯ ಎರ್ವಿನ್ ಗೆಮ್ಮರ್ ಅನ್ನಾಂವ, ಕೆಳಗಿಂದ ಗಾಳಿ ಊದಿ ಪುಡಿ ನೀರಿನಂಗ ತೇಲೂಹಂಗ ಮಾಡಿ, ಕಾದ ಲೋಹವನ್ನ ಅದರಾಗ ಅದ್ದೂ ರೀತಿ ಕಂಡುಹಿಡಿದ. 1960ರ ದಶಕದಾಗ ಪುಡಿಗೆ ವಿದ್ಯುತ್ತಿನ ಸೆಳೆತ ಕೊಟ್ಟು ಪಿಸ್ತೂಲಿನಿಂದ ಹಾರಿಸೂ ಪದ್ಧತಿ ಬಂತು. ಆಮ್ಯಾಲೆ ಸುಮಾರು 200 ಡಿಗ್ರಿ ಒಲಿಯೊಳಗ ಇಟ್ರ ಪುಡಿ ಕರಗಿ ಗಟ್ಟಿ ಕವಚ ಆಗ್ತದ. ಆದ್ರ ಕೆಳಗ ಜಂಗು, ಎಣ್ಣಿ ಇದ್ರ ಆ ಕವಚ ಹಪ್ಪಳದಂಗ ಎದ್ದು ಬರ್ತದ.

ಅದಕ್ಕ ಹಳೇ ಬಣ್ಣ, ಜಂಗು ತೆಗಿಯಾಕ ಉಸುಕು ಹೊಡೀತಾರ. ಈ ಯಂತ್ರಕ್ಕ 1870ರಾಗ ಪೇಟೆಂಟ್ ತಗೊಂಡಾಂವ ಫಿಲಡೆಲ್ಫಿಯಾದ ಬೆಂಜಮಿನ್ ಟಿಲ್ಗ್‌ಮನ್. ಜೋರಾಗಿ ಉಸುಕು ಬಡಿದ್ರ ಲೋಹ ಸ್ವಚ್ಛನೂ ಆಗ್ತದ, ಬಣ್ಣ ಹಿಡಿಯೂವಷ್ಟು ಒರಟೂ ಆಗ್ತದ.

ಅದರ ಬೆಲೆ ತೆತ್ತವರು ಮಾತ್ರ ಕೆಲಸಗಾರರು. ಉಸುಕು ಒಡೆದು ಹಾರೂ ಸಣ್ಣ ಧೂಳು ಪುಪ್ಪುಸದಾಗ ಕೂತು ಸಿಲಿಕೋಸಿಸ್ ತರ್ತದ. ಒಮ್ಮೆ ಗಟ್ಟಿಯಾದ ಪುಪ್ಪುಸ ಮತ್ತ ಮೆತ್ತಗ ಆಗೂದಿಲ್ಲ. ನಮ್ಮ ಕೋಲಾರದ ಚಿನ್ನದ ಗಣಿಯವರ ಎದಿ ಹಿಡಿದದ್ದೂ ಕಲ್ಲಿನ ಇಂಥಾ ಧೂಳ. ಬ್ರಿಟನ್ನಿನವರು 1949ರ ನಿಯಮದಿಂದ ಕಾರಖಾನಿಯೊಳಗ ಈ ಕೆಲಸಕ್ಕ ಉಸುಕು ಬ್ಯಾಡ ಅಂದ್ರು. ಅಮೆರಿಕಾದವರು ಉಸುಕು ಪೂರಾ ನಿಲ್ಲಸಲಿಲ್ಲ. 2016ರಾಗ ಧೂಳಿನ ಮಿತಿ ಬಿಗಿ ಮಾಡಿದ್ರು.

ಮಗ ಅಗ್ಗ ಸಿಗ್ತದಂತ ಉಸುಕಿನ ಚೀಲಾನ ತಂದಿದ್ದ. ಸೊಸಿ ಚೀಲದ ಮ್ಯಾಲಿನ ಎಚ್ಚರಿಕೆ ಓದಿ ಹೇಳಿದಳು. “ಒಂದ ದಿನದ ಕೆಲಸ, ಅವ್ವಾ, ಏನಾಗೂದಿಲ್ಲ” ಅಂದ. “ಮೊಮ್ಮಗ ಇಲ್ಲೇ ಓಡ್ಯಾಡ್ತಾನಲ್ಲೋ” ಅಂದೆ. ಸುಮ್ಮನ ಹೋಗಿ ಚೀಲ ವಾಪಸ್ ಕೊಟ್ಟು, ಗಾರ್ನೆಟ್ ಪುಡಿನೂ ಗಾಳಿ ಪೂರೈಸೂ ಮುಖವಾಡಾನೂ ಇದ್ದವರ ಕಡೆ ಚೌಕಟ್ಟು ಒಯ್ದ.

ಒಯ್ಯೂಕಿಂತ ಮೊದಲು ರಬ್ಬರ್, ಬೇರಿಂಗ್ ಎಲ್ಲಾ ತೆಗೆದು, ಎಣ್ಣಿ ಜಿಡ್ಡು ತೊಳೆದ. ಮೊದಲ ತೊಳಿಯದಿದ್ರ ಜಿಡ್ಡು ಲೋಹದ ಮ್ಯಾಲೆ ಇನ್ನೂ ಹರಡ್ತದಂತ. ಸ್ಕ್ರೂ ಕೂಡೂ ತೂತಿಗೆ ಶಾಖ ತಡಿಯೂ ಬಿರಡಿ, ಚೌಕಟ್ಟಿನ ನಂಬರಿನ ಮ್ಯಾಲೆ ಪಟ್ಟಿ. ಸ್ವಚ್ಛ ಆದಮ್ಯಾಲೆ ಬರಿಗೈಲೆ ಮುಟ್ಟೂಹಂಗಿಲ್ಲ, ಬೆವರಿಗೂ ಜಂಗು ಹಿಡೀತದ; ಅದಕ್ಕ ಅದೇ ದಿನ ಪುಡಿ ಹಚ್ಚಬೇಕು.

ಹಳೇ ಬಣ್ಣ ಹೋದಾಗ ಹಿಂದಿನ ಗಾಲಿ ಹಿಡಿಯೂ ಬೆಸುಗಿಯೊಳಗ ಕೂದಲಿನಷ್ಟು ಬಿರುಕು ಕಂಡಿತು. ಮ್ಯಾಲೆ ಹಂಗ ಬಣ್ಣ ಬಳದಿದ್ರ, ಅದು ಒಳಗ ಮುಚ್ಚಿಕೊಂಡ ಇರ್ತಿತ್ತು. ಗುಡ್ಡ ಇಳಿಯೂ ಮುಂದ ಬಿಟ್ಟಿದ್ರ? ಅದನ್ನ ಬೆಸದ ಮ್ಯಾಲೆ ಬಣ್ಣ ಆತು. ಬಣ್ಣ ಆದಮ್ಯಾಲೆ ಬೆಸದ್ರ ಆ ಜಾಗ ಸುಟ್ಟು ಮತ್ತ ಮೊದಲಿಂದ.

ಈಗ ಗಾಡಿ ಕೆಂಪಗ ಮಿಂಚ್ತದ. ಫೋಟೋ ನೋಡಿದವರೆಲ್ಲಾ ಬಣ್ಣ ಹೊಗಳ್ತಾರ. ನನ್ನ ಕಣ್ಣು ಮಾತ್ರ ಆ ಬೆಸುಗಿ ಇದ್ದಲ್ಲೆ ಹೋಗ್ತದ.